ನಮ್ಮನ್ನು ಹಿಂದಿಕ್ಕಿ ಹೋದ ನಮ್ಮದೇ ಚಕ್ರ

ಮೂರು ವರ್ಷದ ಹಿಂದಿನ ಮಾತು. ನನ್ನ ಗಂಡ ಇಲಿಯಾಸ್ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಎರಡು ತಿಂಗಳಾಗಿತ್ತು. ನಮ್ಮ ಊರು ದಾವಣಗೆರೆ. ಈಗ ಇರುವುದು ಮ್ಯಾಂಚೆಸ್ಟರ್‌ನ ವಿದನ್‌ಶಾದಲ್ಲಿ. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದೇನೆ. ಇಲಿಯಾಸ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸುವ ಬೆಲ್ಟುಗಳನ್ನು ನೋಡಿಕೊಳ್ಳುವ ಎಂಜಿನಿಯರ್. "ದಿನಾ ನಡೀರಿ, ಚಿಂತೆ ಬಿಡಿ, ಏನಾದರೂ ಒಂದು ಹವ್ಯಾಸ ಇಟ್ಟುಕೊಳ್ಳಿ" ಎಂದು ನಮ್ಮ ಜಿಪಿ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ನನ್ನ ಗಂಡ ನಡಿಗೆ ಬಿಟ್ಟರು, ಹವ್ಯಾಸ ಹಿಡಿದರು.

ಒಂದು ಶನಿವಾರ ನಾನು ಡ್ಯೂಟಿ ಮುಗಿಸಿ ಬಂದರೆ ಮನೆ ಮುಂದೆ ಲಾರಿ ನಿಂತಿತ್ತು. ಅದರ ಮೇಲೆ ಒಂದು ಹಳೆಯ ಕ್ಯಾರವಾನ್. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುತ್ತಾರಲ್ಲ, ಒಳಗೆ ಮಂಚ, ಒಲೆ, ಕಪಾಟು ಎಲ್ಲ ಇರುವ ಪುಟ್ಟ ಮನೆ, ಅದು. ಇದನ್ನು ನೋಡಿದರೆ ಮಾತ್ರ ಮನೆ ಎನ್ನುವ ಹಾಗಿರಲಿಲ್ಲ. ಮೈತುಂಬ ಪಾಚಿ. ಬಾಗಿಲ ಸಂದಿಯಿಂದ ಒಳಗೆ ಹೋದ ಬಳ್ಳಿ ಕಿಟಕಿಯಿಂದ ಹೊರಗೆ ಬಂದಿತ್ತು. ಇಲಿಯಾಸ್‌ರ ಗೆಳೆಯರೊಬ್ಬರು ಸೊಲಿಹಲ್‌ನಲ್ಲಿ ಕೊಂಡ ಮನೆಯ ಹಿತ್ತಲಲ್ಲಿ ಅದು ಎಷ್ಟೋ ವರ್ಷದಿಂದ ಬಿದ್ದಿತ್ತಂತೆ. ಅವರು ಎಸೆಯಲು ಹೊರಟಿದ್ದರಂತೆ. ಇವರು ತಂದರು.

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಜಗಳಕ್ಕೆ ಮಾತ್ರ ಕನ್ನಡ. ಇಬ್ಬರೂ ಕನ್ನಡ ಮೀಡಿಯಂನಲ್ಲಿ ಓದಿದವರು, ಬೈಯುವ ಮಾತುಗಳು ಅದರಲ್ಲೇ ಸಲೀಸಾಗಿ ಬರುತ್ತವೆ.

"ಇದೇನ್ರೀ, ಈ ಗುಜರಿ ಸಾಮಾನು?" ಎಂದೆ.

"ಗುಜರಿ ಅಲ್ಲ ಶಮೀಮ್, ವಿಂಟೇಜ್."

"ದಾವಣಗೆರೇಲಿ ಇದಕ್ಕೆ ಗುಜರಿ ಅಂತಾರೆ."

ಅಷ್ಟರಲ್ಲಿ ಹದಿನಾರು ವರ್ಷದ ನಮ್ಮ ಮಗಳು ಹಿನಾ ಹೊರಗೆ ಓಡಿ ಬಂದಳು. ನಮ್ಮ ಮಾತೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. "ಅಬ್ಬಾ, ಇಟ್ಸ್ ಸೋ ಕ್ಯೂಟ್!" ಎಂದಳು. ಇಬ್ಬರು ಒಂದು ಕಡೆ ಆದರು. ನಾನು ಒಬ್ಬಳೇ ಉಳಿದೆ.

ಆ ಚಳಿಗಾಲ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಕ್ಯಾರವಾನಿನ ಸೀಟುಗಳನ್ನು ಎತ್ತಿದರೆ ಅಡಿಯಲ್ಲಿ ಅಣಬೆ ಬೆಳೆದಿತ್ತು. ಹೊರಗಿನ ಅಲ್ಯೂಮಿನಿಯಂ ತಗಡು ಗಟ್ಟಿಯಿತ್ತು, ಒಳಗಿನ ಮರದ ಚೌಕಟ್ಟು ಅರ್ಧಕ್ಕರ್ಧ ಲಡ್ಡಾಗಿತ್ತು. ಬೆರಳಲ್ಲಿ ಒತ್ತಿದರೆ ನೆನೆಸಿದ ರಸ್ಕಿನ ಹಾಗೆ ಒಳಗೆ ಹೋಗುತ್ತಿತ್ತು. ಇಲಿಯಾಸ್ ಹಾಳಾದ ಮರವನ್ನು ಒಂದೊಂದೇ ತುಂಡು ಕತ್ತರಿಸಿ ತೆಗೆದು, ಅದೇ ಅಳತೆಗೆ ಹೊಸದು ಕೂಡಿಸಿದರು. ಹಿನಾ ಪಾಚಿ ಉಜ್ಜಿದಳು. ಪಾಚಿ ಹೋದ ಮೇಲೆ ಚಾವಣಿಯ ನಡುವೆ ಎತ್ತರಿಸಿ ಕಟ್ಟಿದ ಸಣ್ಣ ಸಣ್ಣ ಗಾಜಿನ ಕಿಟಕಿಗಳ ಸಾಲೊಂದು ಕಾಣಿಸಿತು. ಮಧ್ಯಾಹ್ನದ ಬಿಸಿಲು ಅದರಿಂದ ಇಳಿದು ಒಳಗಿನ ನೆಲದ ಮೇಲೆ ಬಿದ್ದದ್ದನ್ನು ನೋಡಿದಾಗ ನನಗೂ ಒಂದು ಕ್ಷಣ ಚೆಂದ ಎನಿಸಿತು. ಹೇಳಲಿಲ್ಲ, ಅಷ್ಟೆ.

ಇಲಿಯಾಸ್ ಮತ್ತೆ ನಗುವುದನ್ನು ನಾನು ಕೇಳಿದ್ದೂ ಆ ಚಳಿಗಾಲದಲ್ಲೇ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಮೆಟ್ಟಿಲು ಹತ್ತುವಾಗಲೂ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಈಗ ಆ ಕೈಯಲ್ಲಿ ಸುತ್ತಿಗೆ ಇತ್ತು. ಅದಕ್ಕಾಗಿಯೇ ನಾನು ಬೈಯುತ್ತಲೇ ಅವರಿಗೆ ಚಹಾ ಒಯ್ದು ಕೊಡುತ್ತಿದ್ದೆ. ಚಕ್ರಗಳಿಗೆ ಕೆನೆ ಬಣ್ಣ ಬಳಿದವಳೂ ನಾನೇ.

ದೊಡ್ಡ ತಲೆನೋವು ಎಂದರೆ ಅದು ಯಾವ ಕಂಪನಿಯ ಗಾಡಿ ಎಂಬುದು. ಹೆಸರಿನ ಫಲಕ ಕಿತ್ತುಹೋಗಿ, ಎರಡು ಸ್ಕ್ರೂ ತೂತು ಮಾತ್ರ ಉಳಿದಿದ್ದವು. ಕಂಪನಿ ಯಾವುದೆಂದು ತಿಳಿಯದೆ ಕಿಟಕಿಯ ರಬ್ಬರ್ ಸಿಗುವುದಿಲ್ಲ, ಬಾಗಿಲಿನ ಕೀಲು ಸಿಗುವುದಿಲ್ಲ. ಇಲಿಯಾಸ್ ಫೋಟೋ ತೆಗೆದು ಹಳೆಯ ಕ್ಯಾರವಾನ್ ಪ್ರಿಯರ ಗುಂಪೊಂದಕ್ಕೆ ಹಾಕಿದರು. ಎಷ್ಟು ಜನ ನೋಡಿದರೋ ಅಷ್ಟು ಹೆಸರು ಬಂದವು. ಕೊನೆಗೆ ಲೀಡ್ಸ್‌ನ ಬ್ಯಾರಿ ಎಂಬುವರು ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು. ಇಂಥ ಗಾಡಿಗಳ ವಿಷಯದಲ್ಲಿ ಎಲ್ಲರೂ ಅವರನ್ನೇ ಕೇಳುತ್ತಾರಂತೆ. ಚಾವಣಿಯ ಆಕಾರ ನೋಡಿ, ಒಂದು ಕಾಲದಲ್ಲಿ ಈ ದೇಶದ ರಸ್ತೆಗಳಲ್ಲೆಲ್ಲ ಕಾಣುತ್ತಿದ್ದ ದೊಡ್ಡ ಕಂಪನಿಯೊಂದರ ಹೆಸರು ಹೇಳಿದರು. "ಮುಂದಿನ ಎಳೆಯುವ ಕಂಬಿಯ ಮೇಲೆ ನಂಬರ್ ಇರಬೇಕು, ನೋಡಿ" ಎಂದರು. ಅಲ್ಲಿ ತುಕ್ಕು ಬಿಟ್ಟು ಬೇರೇನೂ ಇರಲಿಲ್ಲ. ಅಳಿಸಿರಬೇಕು ಎಂದುಕೊಂಡೆವು.

ಆ ಕಂಪನಿಯ ಗಾಡಿಗೆ ಹೊಂದುವ ಬಿಡಿಭಾಗಗಳು ಬಂದವು. ಕಿಟಕಿಯ ರಬ್ಬರ್ ಕೂರಲಿಲ್ಲ, ಚಾಕುವಿನಿಂದ ಕೆರೆದು ಕೂರಿಸಿದರು. ಕೀಲಿನ ತೂತುಗಳು ಬೇರೆ ಕಡೆ ಬಂದವು, ಹೊಸ ತೂತು ಕೊರೆದರು.

"ಅಜೀ, ಯಾವುದೂ ಹೊಂದ್ತಾ ಇಲ್ವಲ್ಲ?" ಎಂದು ಒಮ್ಮೆ ಕೇಳಿದೆ.

"ಹಳೇ ಗಾಡಿ ಶಮೀಮ್. ವಯಸ್ಸಾದ ಮೇಲೆ ಎಲ್ಲಾರೂ ಸ್ವಲ್ಪ ಸೊಟ್ಟ ಆಗ್ತಾರೆ" ಎಂದು ನಕ್ಕರು. ತುಕ್ಕು ಹಿಡಿದಿದ್ದ ಚಕ್ರದ ನಟ್ಟುಗಳನ್ನೂ ಬಿಚ್ಚಿ ಎಸೆದು, ಅದೇ ಕಂಪನಿಯ ಹೊಸ ನಟ್ಟುಗಳನ್ನು ಹಾಕಿ ಬಿಗಿದರು. ಅವು ಚೆನ್ನಾಗಿ ಕೂತವು. ಕೂತ ಹಾಗೆ ಕಂಡವು.

ಮೇ ತಿಂಗಳ ರಜೆಗೆ ಮೊದಲ ಪ್ರಯಾಣ ಹೊರಟೆವು. ಯಾರ್ಕ್‌ಶೈರ್‌ನ ಗುಡ್ಡಗಳ ನಡುವೆ ಒಂದು ಕ್ಯಾಂಪಿಂಗ್ ಜಾಗ ಗೊತ್ತು ಮಾಡಿದ್ದೆವು. ನಾನು ಮಂಡಕ್ಕಿ, ಹುರಿಗಡಲೆ, ಹಸಿಮೆಣಸಿನಕಾಯಿ, ಒಗ್ಗರಣೆ ಸಾಮಾನೆಲ್ಲ ಕಟ್ಟಿಕೊಂಡಿದ್ದೆ. ಬೀದಿಯ ಅಕ್ಕಪಕ್ಕದವರು ಹೊರಗೆ ಬಂದು ಕೈ ಬೀಸಿದರು. ಇಲಿಯಾಸ್ ಮದುಮಗನ ಹಾಗೆ ಕೂತಿದ್ದರು.

ಮೋಟರ್‌ವೇಯಲ್ಲಿ ಎಲ್ಲರೂ ನಮ್ಮನ್ನು ದಾಟಿಕೊಂಡು ಹೋದರು, ದಾಟುವಾಗ ಹಾರ್ನ್ ಹೊಡೆದು ಹೆಬ್ಬೆರಳು ತೋರಿಸಿದರು. ಆಮೇಲೆ ಸಣ್ಣ ರಸ್ತೆ ಹಿಡಿದೆವು. ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಯಾಚೆ ಕುರಿಗಳು. ಒಂದು ಇಳಿಜಾರು ಬಂತು, ಕೆಳಗೆ ಪುಟ್ಟ ಹಳ್ಳಿ ಕಾಣುತ್ತಿತ್ತು. ಇಲಿಯಾಸ್ ನಿಧಾನಕ್ಕೆ ಇಳಿಸುತ್ತಿದ್ದರು. ನಾನು ಎಡಗಡೆಯ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಆಗ ನನ್ನ ಪಕ್ಕದಲ್ಲಿ, ಹುಲ್ಲಂಚಿನ ಮೇಲೆ, ಒಂದು ಚಕ್ರ ಉರುಳಿಕೊಂಡು ಬಂತು. ಅದು ನಮ್ಮನ್ನು ಹಿಂದಿಕ್ಕಿ ಮುಂದೆ ಹೋಯಿತು.

"ಅಜೀ, ನೋಡಿ. ಯಾರದೋ ಚಕ್ರ ಹೋಗ್ತಾ ಐತೆ" ಎಂದೆ.

"ಯಾರದು?" ಎಂದರು ಇಲಿಯಾಸ್, ರಸ್ತೆಯಿಂದ ಕಣ್ಣು ತೆಗೆಯದೆ.

ಕೆನೆ ಬಣ್ಣದ ಚಕ್ರ.

ಹಿಂದಿನ ಸೀಟಿನಿಂದ ಹಿನಾ ಮೆಲ್ಲಗೆ ಹೇಳಿದಳು: "ಮಮ್... ದಟ್ಸ್ ಅವರ್ ವೀಲ್."

ಅವಳ ಮಾತು ಮುಗಿಯುವುದಕ್ಕೂ, ನಮ್ಮ ಹಿಂದೆ ಢಬ್ ಎಂದು ಕ್ಯಾರವಾನ್ ಎಡಕ್ಕೆ ಕುಸಿಯುವುದಕ್ಕೂ ಸರಿಹೋಯಿತು. ಕಬ್ಬಿಣ ಟಾರಿನ ಮೇಲೆ ಕಿರ್ರೆಂದು ಉಜ್ಜುವ ಸದ್ದು. ಕಾರನ್ನು ಯಾರೋ ಜುಟ್ಟು ಹಿಡಿದು ಗೋಡೆಯ ಕಡೆಗೆ ಎಳೆದ ಹಾಗಾಯಿತು. ಇಲಿಯಾಸ್ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತ, ಗೋಡೆಗೆ ಒಂದು ಗೇಣು ಇರುವಾಗ ನಿಲ್ಲಿಸಿದರು. ನಾನು ಕಲಿಮಾ ಹೇಳುತ್ತಿದ್ದೆನೆಂದು ಆಮೇಲೆ ಹಿನಾ ಹೇಳಿದಳು. ನನಗೆ ನೆನಪಿಲ್ಲ.

ನೆನಪಿರುವುದು ಆ ಚಕ್ರ. ಅದು ನಿಂತಿರಲಿಲ್ಲ. ಇಳಿಜಾರಿನಲ್ಲಿ ವೇಗ ಹೆಚ್ಚುತ್ತ, ಕುಪ್ಪಳಿಸುತ್ತ, ನೇರ ಹಳ್ಳಿಯ ಕಡೆ ಹೋಗುತ್ತಿತ್ತು. ಅಲ್ಲಿ ಹುಲ್ಲಿನ ಬಯಲಿನ ಪಕ್ಕ ಒಂದು ಬೆಂಚು. ಬೆಂಚಿನ ಮೇಲೆ ಒಬ್ಬ ಮುದುಕ, ಕಾಲ ಬಳಿ ನಾಯಿ. ನಾನು ಕಾರಿನಿಂದ ಇಳಿದು ಕಿರುಚಿದೆ. ಕನ್ನಡದಲ್ಲಿ ಕಿರುಚಿದೆ: "ಏಳೋ ಅಜ್ಜಾ, ಏಳೋ!"

ಅಜ್ಜ ಏಳಲಿಲ್ಲ. ಬೆಂಚಿಗೆ ಒಂದು ಮಾರು ದೂರದಲ್ಲಿ, ಹಿಂದಿನ ಕಾಲದಲ್ಲಿ ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿಯಿತ್ತು. ಚಕ್ರ ಅದಕ್ಕೆ ಬಡಿದು, ಮೇಲಕ್ಕೆ ಎಗರಿ, ತೊಟ್ಟಿಯೊಳಗೇ ಬಿತ್ತು. ನೀರು ಅಜ್ಜನ ಮೇಲೆಲ್ಲ ಚಿಮ್ಮಿತು.

ನಾನೂ ಹಿನಾಳೂ ಓಡಿದೆವು. ನನಗೆ ಏದುಸಿರು. ಅಜ್ಜ ಟೋಪಿ ತೆಗೆದು ನೀರು ಕೊಡವಿ, ತೊಟ್ಟಿಯ ಕಡೆ ನೋಡಿ, ನಮ್ಮ ಕಡೆ ನೋಡಿ ಹೇಳಿದರು: "ಇದು ನಿಮ್ಮದೇ ಇರಬೇಕು."

ನಾನು ಅಳಲು ಶುರು ಮಾಡಿದೆ. ಅವರು ಗಾಬರಿಯಾದದ್ದು ಆಗಲೇ. ಚಕ್ರಕ್ಕೆ ಹೆದರದವರು ಅಳುವ ಹೆಂಗಸಿಗೆ ಹೆದರಿದರು. "ಬೇಡ ಲವ್, ಬೇಡ. ನನಗೇನೂ ಆಗಿಲ್ಲ. ನೀರು ಅಷ್ಟೇ. ಚಹಾ ಕುಡಿಯೋಣ ನಡೀರಿ" ಎಂದರು. ಆ ಕಡೆಯವರು ಯಾರನ್ನಾದರೂ ಅಕ್ಕರೆಯಿಂದ ಕರೆಯುವುದೇ ಲವ್ ಎಂದು.

ಅವರ ಹೆಸರು ಆರ್ಥರ್. ಎಂಬತ್ತು ದಾಟಿದವರು. ತಂಗಿ ಮಾರ್ಗರೆಟ್ ಜೊತೆ ಆ ಹಳ್ಳಿಯ ಅಂಚಿನ ತೋಟದ ಮನೆಯಲ್ಲಿ ಇದ್ದರು. ಮಾರ್ಗರೆಟ್ ಬಂದಿದ್ದೇ ತಡ, ಎಲ್ಲವೂ ಅವರ ಕೈಗೆ ಹೋಯಿತು. ಯಾರಿಗೋ ಫೋನ್ ಮಾಡಿ ಟ್ರಾಕ್ಟರ್ ತರಿಸಿದರು. ಇಲಿಯಾಸ್‌ರನ್ನು ಕುರ್ಚಿಯಲ್ಲಿ ಕೂರಿಸಿ, ಚಹಾಕ್ಕೆ ಕೇಳದೆಯೇ ಸಕ್ಕರೆ ಸುರಿದರು. ಅಷ್ಟೊತ್ತಿಗೆ ಕ್ಯಾರವಾನ್ ಅವರ ದೊಡ್ಡ ಕೊಟ್ಟಿಗೆಯೊಳಗೆ, ಇಟ್ಟಿಗೆ, ಮರದ ತುಂಡುಗಳ ಮೇಲೆ ನಿಂತಿತ್ತು.

ನಾನು ಇಲಿಯಾಸ್‌ರ ನಾಡಿ ಹಿಡಿದು ನೋಡಿದೆ. ಸರಿಯಾಗಿತ್ತು. ಅವರು ಕನ್ನಡದಲ್ಲಿ ಹೇಳಿದರು: "ಶಮೀಮ್, ಇದನ್ನ ಇಲ್ಲೇ ಬಿಟ್ಟು ಹೋಗಾಣ. ಗುಜರಿಯವರಿಗೆ ಫೋನ್ ಮಾಡು."

"ಏನಂತ ಮಾತಾಡ್ತೀರಿ?"

"ಆ ತೊಟ್ಟಿ ಇಲ್ದಿದ್ರೆ ಆ ಅಜ್ಜ ಏನಾಗ್ತಿದ್ದ? ನಾವು ಮೋಟರ್‌ವೇಯಲ್ಲಿ ಇದ್ದಾಗ ಹಿಂಗಾಗಿದ್ರೆ? ಹಿಂದೆ ಹಿನಾ ಕೂತಿದ್ಲು. ನನ್ನ ಕೈಯಾರೆ ಬಿಗಿದ ನಟ್ಟುಗಳು ಅವು. ನನ್ನ ಕೈಯಾರೆ."

ಚಳಿಗಾಲವಿಡೀ ನಾನೇ ಅದನ್ನು ಗುಜರಿ ಎಂದು ಕರೆದಿದ್ದೆ. ಅವರ ಬಾಯಲ್ಲಿ ಆ ಮಾತು ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ. ಅವರ ಕೈ ಮತ್ತೆ ಎದೆಯ ಮೇಲೆ ಹೋಗಿತ್ತು. ಈ ಗಾಡಿ ಇಲ್ಲಿ ಉಳಿದರೆ ಇವರ ನಗುವೂ ಇಲ್ಲೇ ಉಳಿಯುತ್ತದೆ ಎಂದು ನನಗೆ ಖಾತ್ರಿಯಾಯಿತು.

"ಮೊದಲು ಏನಾಗೈತೆ ನೋಡಾಣ" ಎಂದು ಹೇಳಿ ಕೊಟ್ಟಿಗೆಗೆ ಹೋದೆ. ಏನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಸುಮ್ಮನೆ ಇರಲಾಗಲಿಲ್ಲ, ಅಷ್ಟೆ. ಹಿನಾ ನನ್ನ ಹಿಂದೆಯೇ ಬಂದು ಫೋನಿನ ಟಾರ್ಚ್ ಹಿಡಿದಳು. ಚಕ್ರ ಕಳಚಿದ ಜಾಗದಲ್ಲಿ ಅಡಿಯ ಅಚ್ಚಿನ ಕಬ್ಬಿಣ ರಸ್ತೆಗೆ ಉಜ್ಜಿ, ಕಪ್ಪು ಬಣ್ಣ ಹಪ್ಪಳದಂತೆ ಎದ್ದು ಬಂದಿತ್ತು. ಅದರಡಿಯಲ್ಲಿ ಏನೋ ಗೀಚಿದ ಹಾಗೆ ಕಂಡಿತು. ಟಾರ್ಚ್ ನೇರವಾಗಿ ಬಿಟ್ಟರೆ ಏನೂ ಇಲ್ಲ. ಮಬ್ಬು ನೆರಳಿನಲ್ಲಿ ಆಕಾರ ಹುಡುಕುವುದು ನನ್ನ ದಿನದ ಕೆಲಸ. "ಪಕ್ಕದಿಂದ ಹಿಡಿ ಹಿನಾ, ಇನ್ನೂ ಕೆಳಗೆ" ಎಂದೆ. ಬೆಳಕು ಅಡ್ಡಡ್ಡವಾಗಿ ಬಿದ್ದ ಕೂಡಲೇ ಅಕ್ಷರಗಳ ಅಂಚು ಎದ್ದು ನಿಂತವು. ಮಾರ್ಗರೆಟ್ ಪಾತ್ರೆ ಉಜ್ಜುವ ಉಕ್ಕಿನ ನಾರು ತಂದುಕೊಟ್ಟರು. ಉಜ್ಜಿದೆ. ಹಿನಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಥ್ರಾಸಲ್."

"ಓ, ಅದಾ? ಅದೊಂದು ಹಕ್ಕಿ" ಎಂದರು ಮಾರ್ಗರೆಟ್. "ನಮ್ಮ ಅಮ್ಮ ಹಾಗೇ ಕರೆಯುತ್ತಿದ್ದಳು. ಬೆಳಗಾಗುತ್ತಲೇ ಹಾಡುತ್ತಲ್ಲ, ಎದೆ ಮೇಲೆ ಚುಕ್ಕೆ ಇರೋದು."

ನಾನು ಇಲಿಯಾಸ್‌ರನ್ನು ಕರೆತಂದು ತೋರಿಸಿದೆ. ಅವರು ಮಂಡಿಯೂರಿ ಬೆರಳಿನಿಂದ ಅಕ್ಷರಗಳನ್ನು ಮುಟ್ಟಿ ನೋಡಿದರು. ಆಮೇಲೆ ಬ್ಯಾರಿಗೆ ಫೋನ್ ಮಾಡಿದರು. ಆ ಹೆಸರು ಕೇಳಿದ ಕೂಡಲೇ ಬ್ಯಾರಿಯವರ ದನಿ ಏರಿತು: "ಅದನ್ನು ಮುಟ್ಟಬೇಡಿ. ಎಲ್ಲಿಗೂ ಒಯ್ಯಬೇಡಿ. ಬೆಳಿಗ್ಗೆ ಬರುತ್ತೇನೆ."

ಅಂದು ಸಂಜೆ ಇಡೀ ಹಳ್ಳಿ ಕೊಟ್ಟಿಗೆಗೆ ಬಂತು ಎಂದರೂ ಸರಿ. ಆರ್ಥರ್‌ಗೆ ನೀರು ಸಿಡಿಸಿದ ಚಕ್ರದವರನ್ನು ನೋಡಬೇಕೆಂದು ಒಬ್ಬೊಬ್ಬರೇ ಬಂದರು. ಒಬ್ಬರು ಕೇಕ್ ತಂದರು, ಒಬ್ಬರು ಹಾಸಿಗೆ ತಂದರು. ಸುಮ್ಮನೆ ಕೂರಲು ನಾಚಿಕೆಯಾಗಿ, ಗಾಡಿಯಿಂದ ಒಲೆ ಇಳಿಸಿ, ಕೊಟ್ಟಿಗೆಯ ಬಾಗಿಲಾಚೆ ಕಲ್ಲಿನ ಅಂಗಳದಲ್ಲಿಟ್ಟು ಹಚ್ಚಿದೆ. ಈರುಳ್ಳಿ ಹೆಚ್ಚಿ, ಮಂಡಕ್ಕಿ ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದೆ. ಸಮುದ್ರದಾಚೆಯ ನನ್ನ ಊರಿನ ವಾಸನೆ ಆ ಹುಲ್ಲಿನ ಕೊಟ್ಟಿಗೆಯ ತುಂಬ ಹರಡಿತು.

"ಇದು ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನೋ ಸೀರಿಯಲ್ ಅಲ್ವಾ?" ಎಂದು ಮಾರ್ಗರೆಟ್ ಅನುಮಾನದಿಂದ ಕೇಳಿದರು. ಒಂದು ತುತ್ತು ತಿಂದವರು ತಟ್ಟೆ ಕೆಳಗಿಡಲಿಲ್ಲ. ಆರ್ಥರ್ ಮಾತ್ರ, ಪಕ್ಕಕ್ಕೆ ಕರಿದಿಟ್ಟಿದ್ದ ಹಸಿಮೆಣಸಿನಕಾಯಿಯನ್ನು ಬೀನ್ಸ್ ಎಂದುಕೊಂಡು ಇಡೀ ಒಂದನ್ನು ಬಾಯಿಗೆ ಹಾಕಿಕೊಂಡರು. ಮುಖ ಟೊಮ್ಯಾಟೊ ಆಯಿತು. ಮಾರ್ಗರೆಟ್ ಹಾಲು ತರಲು ಓಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೆಳಿಗ್ಗೆ ಚಕ್ರ, ಸಂಜೆ ಮೆಣಸಿನಕಾಯಿ! ಒಂದೇ ದಿನ ಇವರನ್ನು ಎರಡು ಸಲ ಕೊಲ್ಲಲು ಹೊರಟಿದ್ದೆವಲ್ಲ ಎಂದುಕೊಂಡೆ.

ಹಾಲು ಕುಡಿದು, ಕಣ್ಣೊರೆಸಿಕೊಂಡು ಆರ್ಥರ್ ಹೇಳಿದರು: "ಚಕ್ರ ಬಂದಾಗಲೂ ನಾನು ಇಷ್ಟು ಎಚ್ಚರ ಆಗಿರಲಿಲ್ಲ."

ಇಲಿಯಾಸ್ ನಕ್ಕರು. ಮೊದಲು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಬಗ್ಗಿ, ಮೊಣಕಾಲು ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನ ನೀರಲ್ಲ ಎಂದು ನನಗೆ ತಿಳಿಯಿತು. ಆರ್ಥರ್‌ಗೂ ತಿಳಿದಿರಬೇಕು. ಅವರು ಎದ್ದು ಬಂದು ಇಲಿಯಾಸ್‌ರ ಭುಜದ ಮೇಲೆ ಕೈಯಿಟ್ಟರು. "ನಾನು ಹದಿನೆಂಟರಲ್ಲಿ ಅಪ್ಪನ ಟ್ರಾಕ್ಟರನ್ನು ಕೆರೆಗೆ ಬಿಟ್ಟವನು. ಮರುದಿನವೇ ಅಪ್ಪ ಅದನ್ನು ಎತ್ತಿಸಿ, ನನ್ನನ್ನೇ ಅದರ ಮೇಲೆ ಕೂರಿಸಿದ" ಎಂದರು. ಅಷ್ಟೇ ಹೇಳಿದ್ದು. ಅಲ್ಲಿಂದ ಮುಂದೆ ಇಲಿಯಾಸ್ ಗುಜರಿಯ ಮಾತೆತ್ತಲಿಲ್ಲ.

ಮನೆಯೊಳಗೆ ಮಲಗಿ ಎಂದು ಮಾರ್ಗರೆಟ್ ಎಷ್ಟು ಕರೆದರೂ ಹಿನಾ ಕೇಳಲಿಲ್ಲ. ಮೊದಲ ಪ್ರಯಾಣದಲ್ಲಿ ಕ್ಯಾರವಾನಿನಲ್ಲೇ ಮಲಗಬೇಕೆಂದು ಹಟ ಹಿಡಿದಳು. ಒಂದು ಕಡೆ ಚಕ್ರವಿಲ್ಲದ ಗಾಡಿಯಲ್ಲಿ ಮೂವರೂ ಮಲಗಿದೆವು. ಅಷ್ಟು ಗಾಢ ನಿದ್ದೆ ನಾನು ಅನೇಕ ತಿಂಗಳಲ್ಲಿ ಮಾಡಿರಲಿಲ್ಲ.

ಬೆಳಿಗ್ಗೆ ನಾವು ಚಹಾ ಕುಡಿಯುತ್ತಿದ್ದಾಗಲೇ ಬ್ಯಾರಿ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಬೂಟು. ನಮಸ್ಕಾರ ಹೇಳುವ ಮೊದಲೇ ಕೊಟ್ಟಿಗೆಯ ನೆಲದ ಮೇಲೆ ಮಲಗಿ ಗಾಡಿಯಡಿ ಹೋದರು. ಬಹಳ ಹೊತ್ತಿನ ಮೇಲೆ, ಬೆನ್ನಿಗೆಲ್ಲ ಹುಲ್ಲು ಮೆತ್ತಿಕೊಂಡು ಹೊರಬಂದರು.

"ನಾನು ನಿಮಗೆ ತಪ್ಪು ಹೇಳಿದ್ದೆ" ಎಂದರು. "ಫೋಟೋ ನೋಡಿ ಹೇಳಬಾರದಿತ್ತು. ದಯವಿಟ್ಟು ಕ್ಷಮಿಸಿ."

ಅವರು ವಿವರಿಸಿದ್ದು ಹೀಗೆ. ಲೀಡ್ಸ್ ಹತ್ತಿರದ ಒಂದು ಶೆಡ್ಡಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಆ ದೊಡ್ಡ ಕಂಪನಿಯ ಗಾಡಿಯನ್ನು ನೋಡಿಕೊಂಡು, ಅದರಂಥದೇ ಚಾವಣಿ ಇಟ್ಟು, ಕೆಲವೇ ಕೆಲವು ಕ್ಯಾರವಾನ್‌ಗಳನ್ನು ಕೈಯಿಂದ ಮಾಡಿದ್ದರು. ಥ್ರಾಸಲ್ ಎಂಬುದು ಅವರು ಇಟ್ಟ ಹೆಸರು. ಹೊರಗೆ ನೋಡಲು ಒಂದೇ ಥರ, ಕೆಳಗಿನ ಕಬ್ಬಿಣದ ಕೆಲಸವೆಲ್ಲ ಬೇರೆ. ಚಕ್ರದ ತೂತಿನ ಅಂಚು ಬಟ್ಟಲಿನ ಹಾಗೆ ದುಂಡಗಿರುತ್ತದೆ, ಅದಕ್ಕೆ ತಳ ದುಂಡಗಿರುವ ನಟ್ಟೇ ಬೇಕು. ನಾವು ಹಾಕಿದ್ದು ಆಲಿಕೆಯ ಹಾಗೆ ಇಳಿಜಾರಿನ ನಟ್ಟು. ಬಿಗಿಯುವಾಗ ಕೂತ ಹಾಗೆ ಕಾಣುತ್ತದೆ, ಓಡಿದಂತೆಲ್ಲ ಸಡಿಲವಾಗುತ್ತದೆ. "ನಿಮ್ಮ ಕೈಯ ತಪ್ಪಲ್ಲ" ಎಂದು ಅವರು ಇಲಿಯಾಸ್‌ಗೆ ಎರಡೆರಡು ಸಲ ಹೇಳಿದರು. ಆ ಮಾತಿಗಾಗಿ ನಾನು ಅವರಿಗೆ ಇವತ್ತಿಗೂ ಋಣಿ.

ಸರಿಯಾದ ನಟ್ಟುಗಳನ್ನೂ ಒಂದು ಹಳೆಯ ಚಕ್ರವನ್ನೂ ಬ್ಯಾರಿ ಜೊತೆಗೇ ತಂದಿದ್ದರು. ಕಿಟಕಿಯ ರಬ್ಬರು, ಬಾಗಿಲಿನ ಕೀಲು ಏಕೆ ಹೊಂದಲಿಲ್ಲವೆಂದೂ ಈಗ ತಿಳಿಯಿತು. "ನೋಡಿದ್ಯಾ? ಸೊಟ್ಟ ಇದ್ದದ್ದು ಗಾಡಿ ಅಲ್ಲ, ನಾವು" ಎಂದು ಇಲಿಯಾಸ್ ನನ್ನ ಕಿವಿಯಲ್ಲಿ ಹೇಳಿದರು. ಅವರೂ ಬ್ಯಾರಿಯೂ ಸೇರಿ, ರಸ್ತೆಗೆ ಉಜ್ಜಿದ ಅಚ್ಚನ್ನು ಪರೀಕ್ಷಿಸಿದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ನಮ್ಮೆಲ್ಲರ ಎದುರು ತನ್ನ ಎರಡು ಕಾಲ ಮೇಲೆ ನಿಂತಿತು. ಮಾರ್ಗರೆಟ್ ಚಪ್ಪಾಳೆ ತಟ್ಟಿದರು. ಹೊರಡುವಾಗ ಆರ್ಥರ್ ಆ ಕಲ್ಲಿನ ತೊಟ್ಟಿಯ ಹತ್ತಿರ ನಿಂತು, ತಾವು ಕೂತಿದ್ದ ಬೆಂಚನ್ನು ತೋರಿಸಿ, "ಮುಂದಿನ ಸಲ ಬರುವಾಗ ಮೊದಲೇ ಹೇಳಿ, ಛತ್ರಿ ತರುತ್ತೇನೆ" ಎಂದರು.

ಮುಂದಿನ ಸಲ ಹೋದೆವು. ಅದರ ಮುಂದಿನ ಸಲವೂ. ಗೊತ್ತು ಮಾಡಿದ್ದ ಆ ಕ್ಯಾಂಪಿಂಗ್ ಜಾಗವನ್ನು ನಾವು ಇಂದಿನವರೆಗೂ ನೋಡಿಲ್ಲ, ಪ್ರತಿ ಮೇ ತಿಂಗಳೂ ಮಾರ್ಗರೆಟ್‌ರ ಅಂಗಳದಲ್ಲೇ ಬೀಡು ಬಿಡುತ್ತೇವೆ. ಮಂಡಕ್ಕಿ ಒಂದು ಚೀಲ ಹೆಚ್ಚಿಗೆ ಒಯ್ಯುತ್ತೇನೆ. ಆರ್ಥರ್‌ಗೆ ಈಗ ಮೆಣಸಿನಕಾಯಿಯ ತುದಿಯಷ್ಟು ಕಚ್ಚುವ ಧೈರ್ಯ ಬಂದಿದೆ.

ಹೊರಟ ಸ್ವಲ್ಪ ಹೊತ್ತಿಗೆ ಇಲಿಯಾಸ್ ಎಲ್ಲಾದರೂ ಗಾಡಿ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡುತ್ತಾರೆ. ನಾನೂ ಇಳಿದು ಪಕ್ಕದಲ್ಲಿ ನಿಲ್ಲುತ್ತೇನೆ. ಅವರು ಪಾನಾ ಒತ್ತುತ್ತಾರೆ, ಅಲುಗುವುದಿಲ್ಲ. ನನ್ನ ಕಡೆ ನೋಡಿ ತಲೆಯಾಡಿಸುತ್ತಾರೆ. ಮತ್ತೆ ಹೊರಡುತ್ತೇವೆ. ಆದರೂ ನನ್ನ ಕಿಟಕಿಯ ಪಕ್ಕದಲ್ಲಿ ಏನಾದರೂ ಸರ್ರನೆ ಹಾದು ಹೋದರೆ ತಿರುಗಿ ನೋಡುತ್ತೇನೆ. ಅದು ಬರೀ ಚಕ್ರವಲ್ಲ, ಅದರ ಮೇಲೆ ಸೈಕಲ್ಲೂ ಸೈಕಲ್ಲಿನ ಮೇಲೆ ಒಬ್ಬ ಮನುಷ್ಯನೂ ಇರುವುದು ಖಾತ್ರಿಯಾದ ಮೇಲೆಯೇ ನಾನು ಉಸಿರು ಬಿಡುವುದು.